ಅಡಿ ಕವರಿನ ಹನ್ನೆರಡನೆಯ ಸ್ಕ್ರೂ

ಕಾರಿನ ಒಳಗೆ ಕೂತವನನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಕಾರಿನ ಅಡಿಗೆ ಹೋದವನನ್ನು ಮಾತ್ರ ಇಡೀ ಬೀದಿ ನಿಂತು ನೋಡುತ್ತದೆ. ಈ ಸತ್ಯ ನಮ್ಮ ಗುಮಾಸ್ತರಿಗೆ ನಲವತ್ತಾರನೆಯ ವಯಸ್ಸಿನಲ್ಲಿ, ಮೋಡ ಕವಿದ ಒಂದು ಶನಿವಾರ ಬೆಳಿಗ್ಗೆ, ಅಂಗಾತ ಮಲಗಿದ್ದಾಗ ತಿಳಿಯಿತು. ಅಷ್ಟು ಹೊತ್ತಿಗೆ ಎದ್ದು ಬರುವ ದಾರಿ ಉಳಿದಿರಲಿಲ್ಲ.

ಗುಮಾಸ್ತರು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿದ್ದರು. ನಲ್ಲಿಯಲ್ಲಿ ನೀರಿಲ್ಲ, ಬಂದರೂ ಮಣ್ಣಿನ ಬಣ್ಣ, ಪೈಪು ಒಡೆದು ಬೀದಿ ಕೆರೆಯಾಗಿದೆ ಎಂದು ಜನ ಬರೆದು ಕಳಿಸಿದ ಕಾಗದಗಳ ಮೇಲೆಲ್ಲ ‘ಪರಿಶೀಲಿಸಲಾಗುತ್ತಿದೆ’ ಎಂದು ಬರೆದು ತಾರೀಕು ಹಾಕುವುದು ಅವರ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಅವರು ಒಂದೇ ಒಂದು ಪೈಪನ್ನು ಕಣ್ಣಾರೆ ಕಂಡವರಲ್ಲ. ಮನೆಯಲ್ಲಿ ಬಲ್ಬು ಹೋದರೆ ಹೆಂಡತಿ ಸ್ಟೂಲು ಹತ್ತುತ್ತಿದ್ದಳು, ಇವರು ಸ್ಟೂಲು ಹಿಡಿದುಕೊಳ್ಳುತ್ತಿದ್ದರು. ಹಿಡಿದುಕೊಳ್ಳುವುದೂ ಒಂದು ಕೆಲಸವೇ ಎಂಬುದು ಅವರ ವಾದವಾಗಿತ್ತು.

ಅಂಥವರನ್ನು ಕಾರಿನ ಅಡಿಗೆ ನೂಕಿದ್ದು, ಹೋದ ವರ್ಷ ತೀರಿಕೊಂಡ ಅವರ ತಂದೆ. ಆ ಹಿರಿಯರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಹತ್ತು ಗ್ರಾಂ ಕಡಿಮೆ ತೂಗಿದ ಅಂಗಡಿಯವನನ್ನು ಬೀದಿಯಲ್ಲಿ ನಿಲ್ಲಿಸಿ ಬೆವರಿಳಿಸಿದವರು. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಮಾತನ್ನು ಅವರು ಮನೆಯಲ್ಲಿ ದಿನಕ್ಕೆರಡು ಬಾರಿ ಹೇಳುತ್ತಿದ್ದರು. ಸುಳ್ಳೆಂಬುದು ಅವರ ನಾಲಿಗೆಯ ಹತ್ತಿರ ಸುಳಿದದ್ದಿಲ್ಲ ಎಂದು ಊರಿಗೆ ಊರೇ ಒಪ್ಪಿತ್ತು. ನಿವೃತ್ತರಾದ ವರ್ಷ ಅವರೊಂದು ಕಾರು ಕೊಂಡರು. ಆ ಕಾರಿಗೆ ಹನ್ನೆರಡು ವರ್ಷವಾದರೂ ಮೆಕ್ಯಾನಿಕ್ಕಿನ ನೆರಳು ಬಿದ್ದಿರಲಿಲ್ಲ. ಆರು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ, ಅಂಗಳದಲ್ಲಿ ಎಣ್ಣೆ ಚೆಲ್ಲಿದರೆ ಹೋಗುವುದಿಲ್ಲ ಎಂದು ಹೇಳಿ, ಹಿರಿಯರು ಕಾರನ್ನು ಊರಾಚೆಯ ಬಯಲಿಗೆ ಒಯ್ಯುತ್ತಿದ್ದರು. ಹಳೆ ಎಣ್ಣೆ ಬಿಟ್ಟು ಹೊಸದು ಹಾಕಿ, ಮೊಣಕೈವರೆಗೆ ಕಪ್ಪಾಗಿ ಮಧ್ಯಾಹ್ನ ಮನೆಗೆ ಬರುತ್ತಿದ್ದರು. ಗುಮಾಸ್ತರ ತಾಯಿ ಆ ಕಪ್ಪು ಕೈಗಳನ್ನು ಅಕ್ಕಪಕ್ಕದವರಿಗೆಲ್ಲ ಕರೆದು ತೋರಿಸಿದ ಮೇಲೆಯೇ ಸೋಪು ಕೊಡುತ್ತಿದ್ದರು.

ಹಿರಿಯರು ಹೋದ ಮೇಲೆ ಕಾರು ಒಂದು ವರ್ಷ ಅಂಗಳದಲ್ಲಿ ನಿಂತಿತು. ಆಮೇಲೆ ಒಂದು ದಿನ ತಾಯಿ ತೀರ್ಪು ಕೊಟ್ಟರು.

“ನೋಡೋ, ಈ ಗಾಡಿ ಪರರ ಕೈ ಕಂಡಿಲ್ಲ. ನಿನ್ನ ಕೈಲಿ ನಿಮ್ಮಪ್ಪನ ಹಾಗೆ ನೋಡ್ಕೊಳ್ಳೋಕಾದ್ರೆ ಇಟ್ಕೋ. ಆಗಲ್ಲ ಅಂದ್ರೆ ಅಳಿಯಂದ್ರಿಗೆ ಕೊಟ್ಬಿಡ್ತೀನಿ. ಅವರಿಗೆ ಗಾಡಿ ವಿಷಯ ಗೊತ್ತು.”

ಅಳಿಯಂದಿರು, ಅಂದರೆ ಗುಮಾಸ್ತರ ತಂಗಿಯ ಗಂಡ, ಎರಡು ವರ್ಷದ ಹಿಂದೆ ಒಮ್ಮೆ ಈ ಕಾರಿನ ಸದ್ದಿಗೆ ಕಿವಿಗೊಟ್ಟು, ತಲೆದೂಗಿ, “ಬೆಲ್ಟು” ಎಂದಿದ್ದ. ಮುಂದೆ ಹಿಂದೆ ಏನೂ ಹೇಳಿರಲಿಲ್ಲ. ಆ ಒಂದು ಪದದ ಬಲದ ಮೇಲೆ ಅವನು ಅತ್ತೆಯ ಮನಸ್ಸಿನಲ್ಲಿ ಇಂಜಿನಿಯರಾಗಿ ಹೋಗಿದ್ದ.

ಗುಮಾಸ್ತರಿಗೆ ಕಾರಿನ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಅವರು ಕಚೇರಿಗೆ ಹೋಗುತ್ತಿದ್ದುದೇ ಬಸ್ಸಿನಲ್ಲಿ. ಆದರೆ ಹುಟ್ಟಿದ ಲಾಗಾಯ್ತು “ನಿಮ್ಮಪ್ಪನ ಹಾಗೆ” ಎಂಬ ತಕ್ಕಡಿಯಲ್ಲಿ ತೂಗಿಸಿಕೊಂಡು, ಪ್ರತಿಸಲವೂ ಕಡಿಮೆ ಬಿದ್ದ ಮನುಷ್ಯನಿಗೆ ತಂಗಿಯ ಗಂಡನ ಮುಂದೆಯೂ ಕಡಿಮೆ ಬೀಳುವುದು ಸಹಿಸಲಾಗಲಿಲ್ಲ. “ಭಾನುವಾರ ಅವನು ಬರೋದ್ರೊಳಗೆ ಎಣ್ಣೆ ಬದಲಾಯಿಸಿರ್ತೀನಿ” ಎಂದು ಹೇಳಿಬಿಟ್ಟರು. ಹೆಂಡತಿ ರಾತ್ರಿ ಊಟಕ್ಕೆ ಬಡಿಸುವಾಗ, “ಕೊಟ್ಬಿಡ್ರೀ, ಪೀಡೆ ಹೋಗ್ಲಿ. ಬಸ್ಸು ಓಡ್ತಾ ಇದೆಯಲ್ಲ” ಎಂದಳು. ಅವಳು ಯಾವಾಗಲೂ ಸರಿಯಾದ ಮಾತನ್ನೇ ಆಡುತ್ತಿದ್ದುದರಿಂದ ಆ ಮನೆಯಲ್ಲಿ ಅವಳ ಮಾತಿಗೆ ಬೆಲೆಯಿರಲಿಲ್ಲ.

ಎಣ್ಣೆ ಬಿಡಬೇಕಾದರೆ ಮೊದಲು ಇಂಜಿನ್ನಿನ ಕೆಳಗಿರುವ ಪ್ಲಾಸ್ಟಿಕ್ಕಿನ ಅಡಿ ಕವರು ತೆಗೆಯಬೇಕು. ಗುಮಾಸ್ತರು ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ನಾಲ್ಕು ಸಲ ಓದಿದರು, ಮುಖ್ಯವಾದ ಸಾಲುಗಳಿಗೆ ಕೆಂಪು ಗೆರೆ ಎಳೆದರು. ಆರು ಬೋಲ್ಟು, ಐದು ಕ್ಲಿಪ್ಪು, ಒಟ್ಟು ಹನ್ನೊಂದು. ಒಂದು ಹಾಳೆಯ ಮೇಲೆ ಒಂದರಿಂದ ಹನ್ನೊಂದರವರೆಗೆ ಅಂಕಿ ಬರೆದು, ಪ್ರತಿಯೊಂದರ ಮುಂದೆ ‘ತೆಗೆಯಲಾಗಿದೆ’ ಎಂದು ಬರೆಯಲು ಜಾಗ ಬಿಟ್ಟರು. ಶನಿವಾರ ಎಂಟು ಗಂಟೆಗೆ ಕಾರನ್ನು ಜಾಕಿನಿಂದ ಎತ್ತಿ, ಚಕ್ರದ ಕೆಳಗೆ ಮರದ ದಿಮ್ಮಿ ಕೊಟ್ಟು, ತಂದೆಯ ದೊಡ್ಡ ಸ್ಟೀಲ್ ಕೈಗಡಿಯಾರವನ್ನು ಅವರ ಹಾಗೆಯೇ ಬಲಗೈಗೆ ಕಟ್ಟಿಕೊಂಡು, ಅಡಿಗೆ ತೂರಿದರು. ತಾಯಿ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು.

ಬೋಲ್ಟುಗಳು ತುಕ್ಕು ಹಿಡಿದಿದ್ದವು. ಎರಡು ಬಂದವು, ಎರಡು ತಿರುಗಿದ್ದಲ್ಲೇ ತಿರುಗಿದವು, ಎರಡರ ತಲೆ ಸವೆದು ಗುಂಡಗಾಗಿ ಸ್ಪ್ಯಾನರಿಗೆ ಸಿಗದಾದವು. ಕ್ಲಿಪ್ಪಿನ ನಡುವಿನ ಮೊಳೆಯನ್ನು ಒಳಕ್ಕೆ ಒತ್ತಬೇಕೆಂದು ಪುಸ್ತಕದಲ್ಲಿತ್ತು. ಗುಮಾಸ್ತರು ಅದನ್ನು ಹೊರಕ್ಕೆ ಎಳೆದರು, ಐದೂ ಒಂದೊಂದಾಗಿ ಮುರಿದವು. ವರ್ಷದಿಂದ ಕೂತಿದ್ದ ಒಣ ಮಣ್ಣು ಕಣ್ಣಿಗೆ, ಮೂಗಿಗೆ, ಬಾಯಿಗೆ ಸಮನಾಗಿ ಹಂಚಿಕೆಯಾಯಿತು.

“ಏನಾಯ್ತೋ?” ಎಂದರು ತಾಯಿ.

“ಆಗ್ತಾ ಇದೆಯಮ್ಮ.”

“ನಿಮ್ಮಪ್ಪ ಅರ್ಧ ಗಂಟೇಲಿ ತೆಗೀತಿದ್ರು.”

ಹತ್ತೂವರೆಯ ಹೊತ್ತಿಗೆ ಹನ್ನೊಂದೂ ಹೇಗೋ ಬಿಡುಗಡೆಯಾದವು. ಕೆಲವು ಇಡಿಯಾಗಿ, ಕೆಲವು ತುಂಡಾಗಿ. ಹಾಳೆಯ ಮೇಲೆ ಹನ್ನೊಂದು ಸಲ ‘ತೆಗೆಯಲಾಗಿದೆ’ ಎಂದು ಬರೆದದ್ದಾಯಿತು. ಲೆಕ್ಕದ ಪ್ರಕಾರ ಕವರು ಕೆಳಗೆ ಬೀಳಬೇಕು. ಬೀಳಲಿಲ್ಲ. ಸುತ್ತಲೂ ಜೋತುಬಿದ್ದು, ನಡುಮಧ್ಯದಲ್ಲಿ ಮಾತ್ರ ಯಾವುದೋ ಒಂದಕ್ಕೆ ಅಂಟಿಕೊಂಡು ಹಟ ಹಿಡಿಯಿತು. ಬೇರೆ ಯಾರಾದರೂ ಆಗಿದ್ದರೆ ಟಾರ್ಚು ತಂದು ನೋಡುತ್ತಿದ್ದರು. ಗುಮಾಸ್ತರು ಹಾಳೆಯನ್ನು ಮತ್ತೆ ಎಣಿಸಿದರು. ಕಾಗದದ ಮೇಲೆ ಮುಗಿದ ಕೆಲಸ ನೆಲದ ಮೇಲೆ ಮುಗಿಯದಿರುವುದು ಅವರಿಗೆ ಹೊಸದಲ್ಲವಾದರೂ, ಈ ಸಲ ನೆಲದ ಮೇಲೆ ಮಲಗಿದ್ದವರು ಅವರೇ ಆಗಿದ್ದರು.

ಕವರಿನ ನಡುವೆ ಗಾಳಿಯಾಡಲೆಂದು ಒಂದು ಕಿಂಡಿಯಿತ್ತು. ಎಡಗೈಯಿಂದ ಕವರು ಮೂಗಿನ ಮೇಲೆ ಬೀಳದ ಹಾಗೆ ತಡೆದು, ಬಲಗೈಯನ್ನು ಕಿಂಡಿಯೊಳಗೆ ತೂರಿಸಿ, ಮೇಲುಗಡೆ ಏನು ಹಿಡಿದಿದೆ ಎಂದು ತಡವಿದರು. ಒಂದು ಸ್ಕ್ರೂ ಸಿಕ್ಕಿತು. ಪುಸ್ತಕದಲ್ಲಿಲ್ಲದ, ಹಾಳೆಯಲ್ಲಿಲ್ಲದ, ಹನ್ನೆರಡನೆಯ ಸ್ಕ್ರೂ. ಕೈ ಹಿಂದಕ್ಕೆ ಎಳೆದುಕೊಂಡರು. ಬರಲಿಲ್ಲ. ಗಡಿಯಾರದ ಸ್ಟೀಲ್ ಪಟ್ಟಿ ಮೇಲೆಲ್ಲೋ ಸಿಕ್ಕಿಕೊಂಡಿತ್ತು. ಬಲಗೈ ಬಿಡಿಸಲು ಎಡಗೈ ಬೇಕು, ಎಡಗೈ ಬಿಟ್ಟರೆ ಕವರು ಮುಖದ ಮೇಲೆ. ಹೀಗಾಗಿ ಗುಮಾಸ್ತರು ಏನೂ ಮಾಡದೆ ಮಲಗಿದರು. ಕೂಗಬಹುದಿತ್ತು. ಕೂಗಿದರೆ ಮೊದಲು ಕೇಳಿಸುವುದು ತಾಯಿಗೆ.

ಮೇಲಿನ ಮಹಡಿಯಲ್ಲಿ ಒಬ್ಬ ವಿಮೆ ಏಜೆಂಟರಿದ್ದರು. ಜಗತ್ತಿನಲ್ಲಿ ಎರಡೇ ಬಗೆಯ ಜನ, ಪಾಲಿಸಿ ಇರುವವರು ಮತ್ತು ಇಲ್ಲದವರು, ಎಂದು ನಂಬಿದವರು. ಅವರು ಕೆಳಗಿಳಿದು ಬಂದವರು ಕಾರಿನ ಕೆಳಗಿನಿಂದ ಚಾಚಿಕೊಂಡ ಎರಡು ಕಾಲು ನೋಡಿದರು. ಒಂದು ಕಾಲಿನ ಚಪ್ಪಲಿ ಕಳಚಿತ್ತು.

“ಸಾರ್?” ಎಂದರು.

ಗುಮಾಸ್ತರ ಬಾಯಿ ತುಂಬ ಮಣ್ಣಿತ್ತು. “ಊಂ” ಎಂಬಂಥ ಒಂದು ಸದ್ದು ಬಂತು.

ಏಜೆಂಟರಿಗೆ ಅಷ್ಟೇ ಸಾಕಾಯಿತು. “ಅಯ್ಯಯ್ಯೋ! ಕಾರು ಎದೆ ಮೇಲೆ ಕೂತ್ಬಿಟ್ಟಿದೆ! ಎಷ್ಟು ಸಲ ಹೇಳ್ದೆ, ಒಂದು ಸಣ್ಣ ಪಾಲಿಸಿ ಮಾಡಿಸಿ ಅಂತ!” ಎಂದು ಕೂಗುತ್ತ ಆಂಬುಲೆನ್ಸಿಗೆ ಫೋನು ಮಾಡಿದರು. ಆ ಕೂಗಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಐದು ನಿಮಿಷದಲ್ಲಿ ಗೇಟಿನ ಹೊರಗೆ ಇಪ್ಪತ್ತು ಜನ. ಪಾಪ, ಒಳ್ಳೇ ಮನುಷ್ಯ ಎಂದು ಒಬ್ಬರು. ನಮ್ಮ ನಲ್ಲಿ ಕಂಪ್ಲೇಂಟು ಮೂರು ವರ್ಷದಿಂದ ಹಾಗೇ ಇದೆ ಎಂದು ಇನ್ನೊಬ್ಬರು. ಗುಮಾಸ್ತರು ಎಲ್ಲವನ್ನೂ ಕೇಳಿಸಿಕೊಂಡರು, ಆದರೆ ಬದುಕಿದ್ದೇನೆ ಎಂದು ಹೇಳಲು ಇದು ಒಳ್ಳೆಯ ಹೊತ್ತಲ್ಲವೆಂದು ಅವರಿಗೆ ಅನಿಸಿತು.

ಅಲುಗದೆ ಕೂತಿದ್ದವರು ತಾಯಿ ಒಬ್ಬರೇ. “ಏನು ಗಲಾಟೆ ಇದು? ನಮ್ಮೋರು ಹನ್ನೆರಡು ವರ್ಷ ಹೋಗಿ ಬಂದ ಜಾಗ ಅದು. ಅಲ್ಲಿ ಸಾಯೋಕೆ ಏನಿದೆ?”

ಹೆಂಡತಿ ಒಳಗಿನಿಂದ ಓಡಿ ಬಂದು, ನೆಲಕ್ಕೆ ಕೆನ್ನೆ ಹಚ್ಚಿ ಒಳಗೆ ಬಗ್ಗಿ ನೋಡಿದಳು. ಗಂಡನ ಕಣ್ಣುಗಳು ಅವಳನ್ನು ನೋಡಿ ಎರಡು ಸಲ ಮಿಟುಕಿದವು. ಹದಿನೇಳು ವರ್ಷ ಸಂಸಾರ ಮಾಡಿದವಳಿಗೆ ಅಷ್ಟರಲ್ಲೇ ಎಲ್ಲ ಅರ್ಥವಾಯಿತು. ಎದ್ದು ಸೀರೆ ಕೊಡವಿಕೊಂಡು, “ಕೈ ಸಿಕ್ಕಾಕ್ಕೊಂಡಿದೆ ಅಷ್ಟೆ. ಯಾರಾದ್ರೂ ಮೆಕ್ಯಾನಿಕ್ಕನ್ನ ಕರೀರಿ” ಎಂದಳು.

“ಮೆಕ್ಯಾನಿಕ್ಕಾ!” ತಾಯಿ ಕುರ್ಚಿಯಿಂದ ಅರ್ಧ ಎದ್ದರು. “ಈ ಗಾಡಿಗೆ ಪರರ ಕೈಯಾ?”

“ಅವನು ಗಾಡಿ ಮುಟ್ಟಲ್ಲ ಅತ್ತೆ. ನಿಮ್ಮ ಮಗನ್ನ ಮಾತ್ರ ಮುಟ್ತಾನೆ.”

ಆಂಬುಲೆನ್ಸು ಮೊದಲು ಬಂತು. ಅದರಿಂದಿಳಿದವನ ಕೈಯಲ್ಲಿ ಒಂದು ರಟ್ಟಿಗೆ ಸಿಕ್ಕಿಸಿದ ಫಾರಂ ಇತ್ತು. ಅವನು ಬಗ್ಗಿ ನೋಡಿ, ಗುಮಾಸ್ತರ ಕಾಲಿನ ಹೆಬ್ಬೆರಳು ಜಿಗುಟಿ, ಅದು ಹಿಂದಕ್ಕೆ ಸರಿದದ್ದನ್ನು ಕಂಡು ಬೇಸರಪಟ್ಟ.

“ಬದುಕಿದ್ದಾರೆ. ಕರ್ಕೊಂಡು ಹೋಗ್ಬಹುದಾ?”

“ಅವರಿಗೇನೂ ಆಗಿಲ್ಲ, ನೀವು ಹೊರಡಿ” ಎಂದಳು ಹೆಂಡತಿ.

“ಹಂಗೆ ಹೋಗೋಕೆ ಬರಲ್ಲಮ್ಮ. ಫಾರಂನಲ್ಲಿ ಎರಡೇ ಕಲಂ ಇರೋದು. ಒಂದು ಸಾಗಿಸಲಾಯಿತು, ಇನ್ನೊಂದು ಮೃತ. ಏನೂ ಆಗಿಲ್ಲ ಅನ್ನೋ ಕಲಂ ಇಲ್ಲ.”

ಏಜೆಂಟರು ಮುಂದೆ ಬಂದು, “ಸ್ವಲ್ಪ ಕಾಯಿರಿ, ಯಾವುದಾದ್ರೂ ಒಂದು ಆಗುತ್ತೆ” ಎಂದು ಸಮಾಧಾನ ಹೇಳಿದರು. ಅವನು ಮೆಟ್ಟಿಲ ಮೇಲೆ ಕೂತ. ಕಾರಿನ ಕೆಳಗೆ ಗುಮಾಸ್ತರು ಆ ಎರಡು ಕಲಂ ಕೇಳಿಸಿಕೊಂಡರು. ತಾನೂ ಹತ್ತೊಂಬತ್ತು ವರ್ಷ ಜನರಿಗೆ ಒಂದೇ ಕಲಂ ಕೊಟ್ಟವನಲ್ಲವೇ ಎಂದುಕೊಂಡರು.

ಆಮೇಲೆ ಮೆಕ್ಯಾನಿಕ್ ಬಂದ. ಸಂತೆಬೀದಿಯ ಹಿಂದೆ ಗ್ಯಾರೇಜು ಇಟ್ಟಿದ್ದ ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಆಳು. ಗೇಟಿನೊಳಗೆ ಕಾಲಿಟ್ಟವನು ಕಾರನ್ನು ನೋಡಿ ಒಂದು ಕ್ಷಣ ನಿಂತುಬಿಟ್ಟ. ನಂಬರು ನೋಡಿದ. ಕುರ್ಚಿಯಲ್ಲಿದ್ದ ತಾಯಿಯನ್ನು ನೋಡಿದ. ಒಂದು ಸ್ಕ್ರೂಡ್ರೈವರ್ ಹಿಡಿದು ಗುಮಾಸ್ತರ ಪಕ್ಕದಲ್ಲಿ ತೂರಿಕೊಂಡ. ಈಗ ಹೊರಗಿನವರಿಗೆ ನಾಲ್ಕು ಕಾಲು ಕಾಣತೊಡಗಿದವು.

ಒಳಗೆ ಮೆಕ್ಯಾನಿಕ್ ಒಂದು ಕೈಯಿಂದ ಕವರನ್ನು ಎತ್ತಿಹಿಡಿದು ಪಿಸುಮಾತಿನಲ್ಲಿ ಕೇಳಿದ: “ದೊಡ್ಡೋರು ಎಲ್ಲಿ ಸಾರ್?”

“ಯಾವ ದೊಡ್ಡೋರು?” ಗುಮಾಸ್ತರು ಮಣ್ಣು ಉಗುಳಿದರು.

“ಈ ಗಾಡಿಯೋರು. ಈ ವರ್ಷ ಬರ್ಲೇ ಇಲ್ಲ. ಬೇರೆ ಗ್ಯಾರೇಜಿಗೆ ಹೋದ್ರೇನೋ ಅಂತ ನಂಗೆ ಬೇಜಾರಾಗಿತ್ತು.”

“ಅವರು ನಮ್ಮ ತಂದೆ. ತೀರಿಕೊಂಡು ವರ್ಷ ಆಯ್ತು. ನಿಮಗೆ ಹೇಗೆ ಗೊತ್ತು ಅವರು?”

ಮೆಕ್ಯಾನಿಕ್ಕಿನ ಕೈ ಕಿಂಡಿಯ ಹತ್ತಿರ ಹಾಗೇ ನಿಂತಿತು. “ಈ ಸ್ಕ್ರೂ ನಾನೇ ಹಾಕಿದ್ದು ಸಾರ್” ಎಂದ. “ಗಾಡಿ ತಗೊಂಡ ಹೊಸದ್ರಲ್ಲಿ ದೊಡ್ಡೋರು ಬಯಲಲ್ಲಿ ಈ ಕವರು ತೆಗೆಯೋಕೆ ಹೋಗಿ ಸಿಕ್ಕಾಕ್ಕೊಂಡಿದ್ರು. ಇದೇ ಕಿಂಡಿ, ಇದೇ ವಾಚು. ಆ ಕಡೆ ಹೋಗ್ತಿದ್ದ ಹಾಲಿನವನು ನೋಡಿ ನನ್ನ ಕರೆದ. ಎಳೆದೂ ಎಳೆದೂ ಕವರಿನ ನಡುಮಧ್ಯಾನೇ ಒಡೆದಾಕ್ಬಿಟ್ಟಿದ್ರು. ಮನೆ ಬಾಗಿಲಿಗೆ ಹಾಕೋ ಸ್ಕ್ರೂ ಒಂದು ಹಾಕಿ ಕೂರಿಸ್ದೆ.”

“ಆಮೇಲೆ?”

“ಆಮೇಲೇನು, ಆರು ತಿಂಗಳಿಗೊಂದ್ಸಲ ನಮ್ಮಲ್ಲಿಗೇ ಬರೋರು. ಕೆಲಸ ನಂದು. ಅವರು ಬೆಂಚ್ ಮೇಲೆ ಕೂತು ಪೇಪರ್ ಓದೋರು. ಹೊರಡೋ ಮುಂಚೆ ಹಳೆ ಎಣ್ಣೇಲಿ ಕೈ ಅದ್ದಿಕೊಳ್ಳೋರು, ಮೊಣಕೈವರೆಗೆ. ಕೆನ್ನೆಗೂ ಒಂದು ಬೊಟ್ಟು. ಒಂದೇ. ಎರಡಿಟ್ರೆ ಜಾಸ್ತಿ ಆಗುತ್ತೆ ಅನ್ನೋರು.”

ಹೊರಗಿನಿಂದ ತಾಯಿಯ ದನಿ ಕೇಳಿತು. ಅವರು ಆಂಬುಲೆನ್ಸಿನವನಿಗೆ ಹೇಳುತ್ತಿದ್ದರು: “ನಮ್ಮೋರಿಗೆ ಅರ್ಧ ಗಂಟೆ ಸಾಕು. ಅಷ್ಟು ಸಲೀಸು.”

“ಅದು ನಿಜ ಸಾರ್” ಎಂದ ಮೆಕ್ಯಾನಿಕ್. “ನಂಗೆ ಅರ್ಧ ಗಂಟೇನೇ ಆಗ್ತಿದ್ದಿದ್ದು.”

“ಯಾಕೆ ಹಾಗೆ ಮಾಡ್ತಿದ್ರು?”

“ನಾನೂ ಕೇಳ್ದೆ. ಏನು ಮಾಡ್ಲಪ್ಪಾ, ಮೊದಲ್ನೇ ದಿನಾನೇ ಅವಳು, ಗಾಡಿ ಕೆಲಸ ನಮ್ಮೋರೇ ಮಾಡ್ಕೋತಾರೆ ಅಂತ ಊರಿಗೆಲ್ಲ ಹೇಳ್ಬಿಟ್ಟಿದ್ದಾಳೆ, ಈಗ ಅವಳ ಮಾತು ಸುಳ್ಳಾಗಬಾರ್ದಲ್ಲ ಅಂದ್ರು.”

ಗುಮಾಸ್ತರಿಗೆ ಮೊದಲು ಬಂದದ್ದು ಸಿಟ್ಟು. ತಾಯಿ ಹನ್ನೆರಡು ವರ್ಷ ಆ ಕಪ್ಪು ಕೈಗಳನ್ನು ತೋರಿಸಿ ತೋರಿಸಿ ತಮ್ಮನ್ನು ಹಳಿದದ್ದು ಒಂದೊಂದೂ ನೆನಪಾಯಿತು. ಹೊರಗೆ ಹೋಗಿ ಎರಡು ಮಾತು ಹೇಳಿದರೆ ಆ ತಕ್ಕಡಿ ಇವತ್ತೇ ಮುರಿದು ಬೀಳುತ್ತದೆ. ಆಮೇಲೆ ಬೆಂಚಿನ ಮೇಲೆ ಪೇಪರು ಹಿಡಿದು ಕೂತ ಮುದುಕ ಕಣ್ಣಿಗೆ ಕಟ್ಟಿದ. ತನ್ನ ಹಾಗೆಯೇ ಕೈಲಾಗದ, ತನ್ನ ಹಾಗೆಯೇ ಹೆದರಿದ, ಅಳೆದು ಕೆನ್ನೆಗೆ ಬೊಟ್ಟಿಟ್ಟುಕೊಳ್ಳುತ್ತಿದ್ದ ಮುದುಕ. ಅಂಥವನ ಜೊತೆ ಒಂದು ದಿನ ಕೂತು ಮಾತಾಡಬಹುದಿತ್ತು. ಮೊದಲೇ ಗೊತ್ತಾಗಿದ್ದರೆ ಎಷ್ಟು ಸ್ನೇಹವಾಗುತ್ತಿತ್ತು ಎಂದು ಅನಿಸಿ, ತಂದೆ ಸತ್ತಾಗಲೂ ಅಳದಿದ್ದ ಗುಮಾಸ್ತರು ಕಾರಿನ ಕೆಳಗೆ ಬಿಕ್ಕಿ ಬಿಕ್ಕಿ ಅಳತೊಡಗಿದರು.

ಹೊರಗೆ ಆಂಬುಲೆನ್ಸಿನವನು ಮೆಟ್ಟಿಲಿನಿಂದ ಎದ್ದು, ಫಾರಂನ ಮೇಲೆ ‘ನೋವು: ತೀವ್ರ’ ಎಂದು ಬರೆದುಕೊಂಡ.

“ಹೇಳ್ಬಿಡ್ಲಾ ಸಾರ್?” ಮೆಕ್ಯಾನಿಕ್ ಕೇಳಿದ. “ದೊಡ್ಡೋರು ಹೋದ್ರಲ್ಲ. ಇನ್ನು ಯಾರಿಗೇನು ನಷ್ಟ? ನಿಮಗಾದ್ರೂ ಬೈಗುಳ ತಪ್ಪುತ್ತೆ.”

ಗುಮಾಸ್ತರಿಗೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪ. ಉಗುಳುವುದಕ್ಕೂ ಇಲ್ಲ, ನುಂಗುವುದಕ್ಕೂ ಇಲ್ಲ.

“ಬೇಡ” ಎಂದರು ಕೊನೆಗೆ.

ಸ್ಕ್ರೂ ನಾಲ್ಕು ಸುತ್ತಿಗೆ ಬಂತು. ಗಡಿಯಾರ ಬಿಟ್ಟಿತು, ಕವರು ಬಿತ್ತು, ಗುಮಾಸ್ತರು ತೆವಳಿಕೊಂಡು ಹೊರಗೆ ಬಂದರು. ಮುಖದ ಮೇಲಿನ ಮಣ್ಣಿನಲ್ಲಿ ಕಣ್ಣೀರು ಇಳಿದ ಎರಡು ಗೆರೆಗಳಿದ್ದವು. ಯಾರೋ ಒಬ್ಬರು ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟದ್ದರಿಂದ ನಿಲ್ಲಿಸಿದರು. ಮೆಕ್ಯಾನಿಕ್ ಮರ್ಯಾದಸ್ಥ. “ಅಮ್ಮಾವ್ರೇ, ನಾನು ಕೈ ಬಿಡಿಸ್ದೆ ಅಷ್ಟೆ. ಕೆಲಸ ಎಲ್ಲ ಸಾರೇ ಮಾಡಿದ್ರು” ಎಂದ. ಆದರೆ ಅಳತೆ ಇಲಾಖೆಯವರ ಹೆಂಡತಿಯ ಮುಂದೆ ಆ ಲೆಕ್ಕ ನಡೆಯಲಿಲ್ಲ.

ತಾಯಿ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಮೂರೂವರೆ ಗಂಟೆ. ಆಂಬುಲೆನ್ಸು. ಮೆಕ್ಯಾನಿಕ್ಕು. ಮೇಲೆ ಅಳು ಬೇರೆ. ಹೆಂಗೂ ಪರರ ಕೈ ಮುಟ್ಟಿದ್ದಾಯ್ತು, ಎಣ್ಣೆಯನ್ನೂ ಈ ಮೆಕ್ಯಾನಿಕ್ಕೇ ಹಾಕ್ಲಿ. ನಾಳೆ ಅಳಿಯಂದ್ರು ಬಂದು ಗಾಡಿ ತಗೊಂಡು ಹೋಗ್ಲಿ.” ಮೆಕ್ಯಾನಿಕ್ ತನ್ನ ಚಪ್ಪಲಿಗಳನ್ನು ನೋಡುತ್ತ ನಿಂತ. ಹೆಂಡತಿ ಒಂದು ಚೊಂಬು ನೀರು ತಂದು ಗಂಡನ ಕೈಮೇಲೆ ಸುರಿದಳು. ಆಂಬುಲೆನ್ಸಿನವನು ಗುಮಾಸ್ತರನ್ನು ಬೀದಿಯ ತಿರುವಿನವರೆಗೆ ಕೂರಿಸಿಕೊಂಡು ಹೋಗಿ, ‘ಸಾಗಿಸಲಾಯಿತು’ ಎಂದು ಗುರುತು ಹಾಕಿ, ಇಳಿಸಿ ಹೋದ. ಅವರು ನಡೆದುಕೊಂಡು ವಾಪಸು ಬಂದರು.

ಭಾನುವಾರ ತಂಗಿಯ ಗಂಡ ಬಂದ. ಕಾರಿನ ಸುತ್ತ ಎರಡು ಸುತ್ತು ಬಂದು, ಚಕ್ರಕ್ಕೆ ಒಂದು ಒದೆ ಕೊಟ್ಟು, ತಲೆದೂಗಿದ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಬೀಗದ ಕೈ ಕೊಟ್ಟರು. ಹೊರಡುವಾಗ ಅವನು ಗುಮಾಸ್ತರನ್ನು ಗೇಟಿನ ಮರೆಗೆ ಕರೆದು, ಸುತ್ತ ನೋಡಿ, ಪಿಸುಗುಟ್ಟಿದ.

“ಭಾವ, ಅತ್ತೆಗೆ ಹೇಳ್ಬೇಡಿ. ಒಳ್ಳೇ ಮೆಕ್ಯಾನಿಕ್ ಯಾರಾದ್ರೂ ಗೊತ್ತಾ? ಈ ಬಾನೆಟ್ ತೆಗೆಯೋದು ಎಲ್ಲಿಂದ ಅಂತಾನೂ ನಂಗೆ ಗೊತ್ತಿಲ್ಲ. ಅವತ್ತು ಏನೋ ಒಂದು ಹೇಳ್ಬೇಕಲ್ಲ ಅಂತ ಬೆಲ್ಟು ಅಂದೆ, ಅಷ್ಟೆ.”

ಗುಮಾಸ್ತರು ಅವನ ಮುಖವನ್ನೇ ನೋಡಿದರು. ಜೇಬಿನಿಂದ ಪೆನ್ನು ತೆಗೆದು ಒಂದು ಚೀಟಿಯ ಮೇಲೆ ಗ್ಯಾರೇಜಿನ ವಿಳಾಸ ಬರೆದುಕೊಟ್ಟರು.

ಕಾರು ಹೋಯಿತು. ಅಂಗಳದಲ್ಲಿ ಅದು ನಿಂತಿದ್ದ ಜಾಗ ಆಯತಾಕಾರವಾಗಿ ಬೆಳ್ಳಗೆ ಉಳಿಯಿತು. ತಾಯಿ ಕುರ್ಚಿ ಬಿಟ್ಟು ಏಳಲಿಲ್ಲ. ಗುಮಾಸ್ತರು ಪಕ್ಕದ ಮೆಟ್ಟಿಲ ಮೇಲೆ ಕೂತರು. ತಾಯಿ ಕೇಳಿದರು, ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯದವರ ದನಿಯಲ್ಲಿ.

“ನಿಮ್ಮಪ್ಪನಿಗೆ ಒಂದು ದಿನಾನೂ ಕಷ್ಟ ಅನ್ನಿಸ್ಲಿಲ್ವಲ್ಲೋ. ನಿನಗೆ ಯಾಕೋ ಹೀಗಾಗುತ್ತೆ?”

ಗುಮಾಸ್ತರು ಉಗುರಿನ ಸಂದಿಯ ಕಪ್ಪನ್ನು ನೋಡಿಕೊಂಡರು. ಎಷ್ಟು ತೊಳೆದರೂ ಅದು ಹೋಗಿರಲಿಲ್ಲ.

“ಅಪ್ಪನ ಹಾಗೆ ಎಲ್ಲರಿಗೂ ಬರಲ್ಲಮ್ಮ” ಎಂದರು.

“ಅದನ್ನೇ ಅಲ್ವೇನೋ ನಾನು ಇಷ್ಟು ವರ್ಷದಿಂದ ಬಡ್ಕೋತಾ ಇರೋದು!” ಎಂದು ತಾಯಿ ನಕ್ಕುಬಿಟ್ಟರು. ಗಂಡ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಗುಮಾಸ್ತರೂ ನಗಲು ನೋಡಿದರು, ಆಗಲಿಲ್ಲ. ಅಮ್ಮನನ್ನು ಕೈ ಹಿಡಿದು ಎಬ್ಬಿಸಿ, ಕುರ್ಚಿ ಎತ್ತಿಕೊಂಡು ಒಳಗೆ ಹೋದರು.